ಮೊಮ್ಮಗಳ ಬಿಸಿಯ ಸಾರ್ವಜನಿಕ ಹಂಚಿಕೆ

ನಮ್ಮ ಕಟ್ಟಡದಲ್ಲಿ ಯಾವ ಮಗುವಿಗೂ ಜ್ವರವಿಲ್ಲ ಎಂದು ಪಾಲಕರ ಸಮಿತಿ ಸರ್ವಾನುಮತದಿಂದ ಠರಾವು ಮಾಡಿದೆ. ಆದ್ದರಿಂದ ಜ್ವರವಿಲ್ಲ.

ಠರಾವಿಗೆ ಕಾರಣ ಇತ್ತು. ಊರಿಗೆಲ್ಲ ಸಾಂಕ್ರಾಮಿಕ ರೋಗ ಹಬ್ಬಿ ಮುಚ್ಚಿದ್ದ ಶಾಲೆ ಆಗಷ್ಟೇ ತೆರೆದಿತ್ತು. ಒಂದು ಮಗುವಿಗೆ ಜ್ವರ ಕಂಡರೂ ಇಡೀ ಕಟ್ಟಡಕ್ಕೆ ಹದಿನೈದು ದಿನ ವ್ಯಾನು ಬರಲ್ಲ ಅಂತ ಶಾಲೆಯವರು ಹೇಳಿಬಿಟ್ಟರು. ವರ್ಷಗಟ್ಟಲೆ ಮಕ್ಕಳನ್ನು ಮನೆಯಲ್ಲಿ ಕಟ್ಟಿಕೊಂಡು ಹೆಣಗಿದ್ದ ಅಪ್ಪ-ಅಮ್ಮಂದಿರು ಅಂದೇ ಸಭೆ ಕರೆದರು.

ಅಧ್ಯಕ್ಷರು ಹಲ್ಲಿನ ಡಾಕ್ಟರು. ಎದ್ದು ನಿಂತು, "ಮಗೂನ ಶಾಲೆಗೆ ಕಳಿಸೋದು ಪಾಲಕರ ಸ್ವಾತಂತ್ರ್ಯ. ಪಕ್ಕದ ಮನೆಯವರ ವ್ಯಾನು ತಪ್ಪದ ಹಾಗೆ ನೋಡ್ಕೊಳ್ಳೋದು ಸಮುದಾಯದ ಜವಾಬ್ದಾರಿ. ಎರಡನ್ನೂ ತೂಗಿದ್ದೀನಿ, ಸಮ ಬಂದಿದೆ" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ಚಪ್ಪಾಳೆ ಮಾತ್ರ ಎಲ್ಲರಿಗಿಂತ ಜೋರಾಗಿ ನಾನೇ ತಟ್ಟಿದೆ.

ಡ್ರೈವರು ಗೇಟಿನಲ್ಲಿ ಮಕ್ಕಳ ಹಣೆಗೆ ಜ್ವರ ನೋಡುವ ಯಂತ್ರ ಹಿಡಿಯುತ್ತಿದ್ದ. ಅದಕ್ಕೆ ಮುಂಚೆ ಮೆಟ್ಟಿಲ ಹತ್ತಿರ ಎಲ್ಲರ ಹಣೆಗೂ ಐಸ್‌ನೀರಿನ ಬಟ್ಟೆ ಒತ್ತಬೇಕೆಂದು ತೀರ್ಮಾನವಾಯಿತು. ಜ್ವರ ಇದ್ದವರಿಗಷ್ಟೇ ಒತ್ತಿದರೆ ಯಾರಿಗೆ ಜ್ವರ ಅಂತ ಗೊತ್ತಾಗಿಬಿಡುತ್ತಲ್ಲ. ಆ ಹುದ್ದೆ ನನಗೆ ಕೊಟ್ಟರು. ಯಾರ ಮನೆಗೆ ಯಾರು ಬಂದರು ಅಂತ ನೋಡಲು ನಾನು ಹೇಗೂ ಅಲ್ಲೇ ಕೂತಿರುತ್ತೇನಂತೆ. ಹುಟ್ಟಿದಾಗಿನಿಂದ ಮೊದಲ ಹುದ್ದೆ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿನದಿನಕ್ಕೂ ಐಸು ಜಾಸ್ತಿ ಮಾಡಿದೆ.

ಒಂದು ಬೆಳಿಗ್ಗೆ ಸೊಸೆ, "ಅತ್ತೆ, ಮಗಳ ಮೈ ಕೆಂಡ ಆಗಿದೆ. ಇವತ್ತು ಮಲಗಿಸ್ಲಾ?" ಅಂದಳು.

"ಮಲಗಿಸಿದ್ರೆ ಜ್ವರ ಅಂತಾರೆ. ವ್ಯಾನು ನಿಂತ್ರೆ ನನ್ನ ಹುದ್ದೆ ಏನಾಗ್ಬೇಕು? ಕಳಿಸು."

ಗೇಟಿನಲ್ಲಿ ಡ್ರೈವರು ಒಂದೊಂದೇ ಹಣೆ ನೋಡಿ ಹಿಂದೆ ಸರಿದ. "ಏನಮ್ಮಾ, ಹೆಣ ಇದ್ದ ಹಾಗಿವೆ ಮಕ್ಕಳು. ಇಷ್ಟು ತಣ್ಣಗಿರೋರನ್ನ ಹತ್ತಿಸ್ಕೊಂಡ್ರೆ ನನ್ನ ಕೆಲಸ ಹೋಗುತ್ತೆ." ನನ್ನ ಮೊಮ್ಮಗಳದು ಮಾತ್ರ, ಕೆಂಡದ ಮೇಲೆ ಐಸು ಬಿದ್ದು, ಸರಿಯಾದ ಲೆಕ್ಕ ತೋರಿಸಿತು. "ಆರೋಗ್ಯವಾಗಿರೋದು ಇವಳೊಬ್ಬಳೇ" ಎಂದು ಅವಳೊಬ್ಬಳನ್ನೇ ಕೂರಿಸಿಕೊಂಡು ಹೋದ.

ಸಂಜೆ ತುರ್ತು ಸಭೆ. ಮಗಳ ಮೈ ಕೆಂಡವಾಗಿದ್ದಕ್ಕೇ ಲೆಕ್ಕ ಸರಿ ಬಂತು, ಐಸು ನಿಲ್ಲಿಸೋಣ ಅಂತ ನನ್ನ ಮಗ ಬಾಯಿಬಿಟ್ಟ. ಠರಾವು ಹಿಂತೆಗೆದುಕೊಳ್ಳುವ ನಿಯಮವಿಲ್ಲವೆಂದು ಅವನನ್ನು ಕೂರಿಸಿದರು. ಮೇಲಿನ ಮನೆಯ ಟೀಚರಮ್ಮ ನನ್ನ ಕಡೆ ತಿರುಗಿ, "ಅಜ್ಜಿ, ಇಂಥದ್ದನ್ನ ನೀವೊಬ್ರೇ ಮನೇಲಿಟ್ಕೊಂಡ್ರೆ ಹೇಗೆ? ನಮ್ಮ ಮಕ್ಕಳೂ ಶಾಲೆಗೆ ಹೋಗ್ಬೇಡ್ವಾ?" ಅಂದರು. ನಾನು ನಾಚಿಕೊಂಡೆ. ಆಮೇಲೆ ಪ್ರಕಟಣೆ ಹೊರಬಿತ್ತು. ಜ್ವರ ಅನ್ನುವಂತಿಲ್ಲವಾದ್ದರಿಂದ 'ಬಿಸಿ' ಎಂದು ಬರೆದಿದ್ದರು:

"ಪ್ರತಿ ಮನೆಯ ಮಗುವೂ ಅಜ್ಜಿಯ ಮೊಮ್ಮಗಳ ಪಕ್ಕ ಕೂತು ಬಿಸಿ ಪಡೆಯತಕ್ಕದ್ದು. ಎಲ್ಲರಿಗೂ ತಲುಪುವವರೆಗೆ ಮೂಲ ಮಗು ಗುಣವಾಗತಕ್ಕದ್ದಲ್ಲ."

ಈಗ ನಮ್ಮ ಬಾಗಿಲಲ್ಲಿ ಸಾಲು. ನೂಕುನುಗ್ಗಲಿಲ್ಲ, ಎಲ್ಲರೂ ಶಿಸ್ತಾಗಿ ದೂರ ದೂರ ನಿಂತಿದ್ದಾರೆ. ಮೊಮ್ಮಗಳು ಕಣ್ಣು ಬಿಡಲಾರದೆ, "ಅಜ್ಜೀ, ಇನ್ನೂ ಎಷ್ಟು ಜನ?" ಅಂದಳು.

"ಎರಡನೇ ಮಹಡಿ ಮುಗೀತು ಪುಟ್ಟಿ. ಮೂರನೆಯದೊಂದು ಬಾಕಿ."

ಸೊಸೆ ಔಷಧಿ ಬಾಟಲಿಯ ಮುಚ್ಚಳ ತೆಗೆದು, ಸಾಲಿನ ಕಡೆ ನೋಡಿ, ಮತ್ತೆ ಮುಚ್ಚಿದಳು. ಆಮೇಲೆ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಅಧ್ಯಕ್ಷರಿಗೆ ಒಪ್ಪಿಸಿ ಬಂದಳು.