ನಮ್ಮೂರ ಸೇವೆಗೆ ಬಂದ ನಾಲ್ವರು

ಓದುವವರು ಮೊದಲೇ ಮನ್ನಿಸಬೇಕು. ನನ್ನ ಬರವಣಿಗೆ ಕಾಗೆ ಕಾಲು ಗುಬ್ಬಿ ಕಾಲಿನಂತಿದೆ. ನನ್ನ ಮಾತುಗಳೂ ಅಡುಗೆಮನೆಯ ಹೊಸ್ತಿಲು ದಾಟಿದವುಗಳಲ್ಲ. ಬಾಲ್ಯದಲ್ಲಿ ಎರಡು ವರ್ಷ ಶಾಲೆಗೆ ಹೋದದ್ದುಂಟು. ಅಲ್ಲಿ ಕಲಿತದ್ದನ್ನು ಮದುವೆಯಾಗುವಷ್ಟರಲ್ಲಿ ಮರೆತಿದ್ದೆನು. ಕಾಲೇಜಿನ ಹುಡುಗರು ಊರಿನ ಸೇವೆಗೆಂದು ಹೊರಟ ಕಡೆಗಳಲ್ಲೆಲ್ಲ ನಗುವಂಥದು ಏನಾದರೊಂದು ನಡೆಯುತ್ತಲೇ ಇರುತ್ತದೆಯಂತೆ. ಬೇರೆ ಊರುಗಳ ಸಂಗತಿ ನನಗೆ ತಿಳಿಯದು. ಸುಂಟಿಕೊಪ್ಪದಿಂದ ಎರಡು ಮೈಲಿ ಒಳಗಿರುವ ನಮ್ಮ ಊರಿನಲ್ಲಿ ಒಂದು ಬೇಸಿಗೆ ರಜೆಯಲ್ಲಿ ನಡೆದುದನ್ನು ಮಾತ್ರ ಬರೆಯುತ್ತೇನೆ.

ನನ್ನ ಯಜಮಾನರ ಅಣ್ಣನನ್ನು ಇಲ್ಲಿ ಭಾವನವರೆಂದು ಬರೆಯುತ್ತೇನೆ. ಅವರ ಮಗನಿಗೆ ಮೂರು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಅಂದಿನಿಂದ ಅವನನ್ನು ಸಾಕಿದವಳು ನಾನು. ಅವನು ಮಂಗಳೂರಿನಲ್ಲಿ ಕಾಲೇಜು ಓದುತ್ತಿದ್ದನು. ಆ ವರ್ಷ ಮೂವರು ಸಹಪಾಠಿಗಳನ್ನು ಕರೆದುಕೊಂಡು ಬಂದನು. ಒಬ್ಬನಿಗೆ ಕನ್ನಡಕ, ಒಬ್ಬನು ಬಲು ಉದ್ದ, ಮೂರನೆಯವನಿಗೆ ಸದಾ ಹಸಿವು. ರಜೆಯಲ್ಲಿ ಒಂದು ತಿಂಗಳು ಹಳ್ಳಿಯ ಸೇವೆ ಮಾಡಿರೆಂದು ಅವರ ಮೇಷ್ಟ್ರು ಹೇಳಿದ್ದರಂತೆ. ಕೊನೆಗೆ ತಾವೇ ಬಂದು ನೋಡುವುದಾಗಿಯೂ ತಿಳಿಸಿದ್ದರಂತೆ. ನಮ್ಮ ಹುಡುಗನೇ ಅವರಿಗೆಲ್ಲ ಮುಂದಾಳು.

ಭಾವನವರಿಗೆ ಇದು ಹಿಡಿಸಲಿಲ್ಲ. "ಪೊರಕೆ ಹಿಡಿಯಲಿಕ್ಕೆ ಮಂಗಳೂರಿನ ತನಕ ಹೋಗಬೇಕಿತ್ತೇ? ಎಸ್ಟೇಟಿನ ದೊರೆ ಲೆಕ್ಕ ಬರೆಯುವ ರೈಟರ್ ಕೆಲಸ ಕೊಡುತ್ತೇನೆಂದಿದ್ದಾರೆ. ನಿಮ್ಮ ಮೇಷ್ಟ್ರು ಬಂದ ದಿನ ನಾನೂ ಬರುತ್ತೇನೆ. ಊರಿಗೆ ಏನಾದರೂ ಉಪಕಾರವಾಗಿದ್ದರೆ ಕಾಲೇಜು, ಇಲ್ಲದಿದ್ದರೆ ಎಸ್ಟೇಟು" ಎಂದರು.

ಹುಡುಗನು ಅಡುಗೆಮನೆಗೆ ಬಂದು, "ಚಿಕ್ಕಮ್ಮ, ಅಪ್ಪನಿಗೆ ನೀನೊಂದು ಮಾತು ಹೇಳು" ಎಂದನು.

ಅದೇ ಆಗದ ಕೆಲಸ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನೊಡನೆ ಮಾತನಾಡುವ ಪದ್ಧತಿಯಿಲ್ಲ. ಇಪ್ಪತ್ತು ವರ್ಷಗಳಲ್ಲಿ ನಾವು ಒಂದು ಮಾತನ್ನೂ ಆಡಿರಲಿಲ್ಲ. ತೀರ ಅಗತ್ಯವಾದರೆ ಅವರು ಜಗಲಿಯ ಕಂಬಕ್ಕೆ ಹೇಳುವರು: "ಮಧ್ಯಾಹ್ನ ಊಟಕ್ಕೆ ಮಡಿಕೇರಿಯಿಂದ ಇಬ್ಬರು ಬರುತ್ತಾರೆ." ನಾನು ಒಳಗಿನಿಂದ ಬೆಕ್ಕಿಗೆ ಹೇಳುವೆನು: "ಅಕ್ಕಿ ಹಾಕಿಯಾಯಿತು." ಕಂಬಕ್ಕೂ ಬೆಕ್ಕಿಗೂ ನೆಂಟರ ವಿಷಯ, ದನಕರುಗಳ ವಿಷಯ ಹೇಳಬಹುದು. ಬೇಕು ಬೇಡಗಳನ್ನು ಹೇಳುವಂತಿಲ್ಲ. ದಿನವೂ ಬೆಳಿಗ್ಗೆ ಜಗಲಿಯಲ್ಲಿ ಅವರ ಕಾಫಿ ಇಟ್ಟು ಒಳಗೆ ಬರುತ್ತಿದ್ದೆನು. ಲೋಟ ಬರಿದಾಗಿ ಮರಳುವುದೇ ನನಗೆ ಸಿಗುವ ಮೆಚ್ಚುಗೆ. ನನ್ನ ಯಜಮಾನರೋ, ಅಣ್ಣನ ಎದುರಿಗೆ ಕೆಮ್ಮಲೂ ಹಿಂಜರಿಯುವವರು. ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ನೀನು ಕೆಲಸ ಮಾಡಿ ತೋರಿಸು, ಮಗ."

೧. ಪೊರಕೆ

ಮರುದಿನ ಎಲ್ಲರ ಅಂಗಳವನ್ನೂ ಗುಡಿಸುವುದಾಗಿ ಹುಡುಗರು ಊರಿಗೆ ತಿಳಿಸಿ ಬಂದರು. ಸಂಜೆ ಆಚೆಮನೆಯ ಅಜ್ಜಿ ಓಡಿ ಬಂದರು. "ಕಾಲೇಜಿಗೆ ಹೋಗುವ ಮಕ್ಕಳು ನನ್ನ ಹಟ್ಟಿಯ ಸಗಣಿ ಬಾಚುವುದೇ? ನಾಳೆ ನಾನು ನಾಲ್ಕು ಜನರಿಗೆ ಮುಖ ತೋರಿಸುವುದು ಹೇಗೆ?"

ಊರಿನ ಹೆಂಗಸರಿಗೆಲ್ಲ ಅದೇ ಚಿಂತೆ. ಬೆಳಕು ಹರಿಯುವ ಮೊದಲೇ ಎಲ್ಲರೂ ಎದ್ದು ಅಂಗಳ, ಹಟ್ಟಿ, ಓಣಿಗಳನ್ನು ಗುಡಿಸಿದರು. ಹುಡುಗರು ಹೊಸ ಪೊರಕೆ ಹೊತ್ತು ಹೊರಟರೆ ಊರಿನಲ್ಲಿ ಒಂದು ಕಡ್ಡಿಯೂ ಇಲ್ಲ. ಎಂಟು ದಿನವೂ ಹೀಗೆಯೇ ಆಯಿತು.

ಎಂಟನೆಯ ದಿನ ಕನ್ನಡಕದವನು ಕೈಮುಗಿದು, "ಅಜ್ಜಿ, ನಾಳೆ ನಮಗಾಗಿ ಸ್ವಲ್ಪ ಕಸ ಉಳಿಸಿ" ಎಂದು ಬೇಡಿಕೊಂಡನು. ಅಜ್ಜಿಗೆ ಕನಿಕರವಾಯಿತು. ಮರುದಿನ ಹುಡುಗರು ಹೋಗಿ ನೋಡಿದರೆ, ಅಂಗಳದ ನಡುವೆ ತೊಳೆದ ಬಾಳೆಯೆಲೆಯ ಮೇಲೆ ಒಂದು ಹಿಡಿ ತರಗೆಲೆ. ಪಕ್ಕದಲ್ಲಿ ನಾಲ್ಕು ಲೋಟ ಕಾಫಿ.

ಊರಿಗೆಲ್ಲ ಉಳಿದ ಹೊಲಸೆಂದರೆ ನಮ್ಮ ಮನೆಯದೇ. ಭಾವನವರು ಕುಳಿತುಕೊಳ್ಳುವ ಜಗಲಿಯ ಅಂಚಿನ ಕೆಳಗೆ ಇರುವೆಗಳ ಸಾಲು. ಹುಡುಗರು ಅರಿಶಿನ ಹಾಕಿದರು, ಬೂದಿ ಹಾಕಿದರು, ಸೀಮೆಎಣ್ಣೆಯನ್ನೂ ಸುರಿದರು. ಮಾರನೆಯ ಬೆಳಿಗ್ಗೆ ಇರುವೆಗಳು ಮತ್ತೆ ಹಾಜರು. ಭಾವನವರು ಪತ್ರಿಕೆಯಿಂದ ತಲೆಯೆತ್ತದೆ ಕಂಬಕ್ಕೆ ಹೇಳಿದರು: "ಇರುವೆಯನ್ನೇ ಓಡಿಸಲಾರದವರು ಊರನ್ನು ಉದ್ಧಾರ ಮಾಡುತ್ತಾರಂತೆ."

೨. ರೋಗಿಗಳ ಪಟ್ಟಿ

ಗುಡಿಸಲು ಕಸವಿಲ್ಲವೆಂದಾದ ಮೇಲೆ ಹುಡುಗರು ಒಂದು ಪುಸ್ತಕ ಹಿಡಿದು ಮನೆ ಮನೆಗೆ ಹೊರಟರು. ಮನೆಯಲ್ಲಿ ಎಷ್ಟು ಜನ, ನೀರು ಎಲ್ಲಿಂದ, ಕಾಯಿಲೆಯವರು ಎಷ್ಟು ಎಂದು ಕೇಳಿ ಬರೆದುಕೊಂಡು, ಮಡಿಕೇರಿಯಿಂದ ಔಷಧಿ ತರಿಸುವ ಯೋಜನೆ.

ನಮ್ಮ ಕಡೆ ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳುಹಿಸುವುದಿಲ್ಲ. ಮೊದಲ ಮನೆಯಲ್ಲಿ ಅಕ್ಕಿರೊಟ್ಟಿ, ಎರಡನೆಯದರಲ್ಲಿ ಅಕ್ಕಿತರಿಯ ಉಂಡೆ ಕಡಂಬುಟ್ಟು, ಮೂರನೆಯದರಲ್ಲಿ ಜೇನುತುಪ್ಪದೊಡನೆ ಬಾಳೆಹಣ್ಣು. "ಆಚೆಮನೆಯಲ್ಲಿ ತಿಂದಿರಿ, ನಮ್ಮಲ್ಲಿ ಬೇಡವೇ?" ಎಂದು ಕೇಳಿದರೆ ಯಾರು ತಾನೆ ಏಳಬಲ್ಲರು? ಸದಾ ಹಸಿದವನು ಕೂಡ ಆರನೆಯ ಮನೆಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದನು.

ಸಂಜೆ ನಾಲ್ವರೂ ನಮ್ಮ ಜಗಲಿಯಲ್ಲಿ ಉರುಳಾಡುತ್ತಿದ್ದಾಗ ನಾನು ಓಮದ ಕಷಾಯ ಕಾಯಿಸಿ ಕೊಟ್ಟೆನು. ಉದ್ದನೆಯವನು ಮಲಗಿದಲ್ಲಿಂದಲೇ ಆ ದಿನದ ಲೆಕ್ಕವನ್ನು ಪುಸ್ತಕದಲ್ಲಿ ಬರೆದನು. ಪರೀಕ್ಷಿಸಿದ ಮನೆಗಳು ಆರು. ಕಂಡುಬಂದ ರೋಗಿಗಳು ನಾಲ್ವರು. ಕಾಯಿಲೆ, ಹೊಟ್ಟೆನೋವು.

೩. ಮನೆಯವರ ಹೆಸರು

ಮೂರನೆಯ ಯೋಜನೆ ಹೆಂಗಸರಿಗೆ ಅಕ್ಷರ ಕಲಿಸುವುದು. ಶಾಲೆಗೆ ರಜೆಯಿದ್ದುದರಿಂದ ಅಲ್ಲಿಯ ಕೋಣೆ ಖಾಲಿಯಿತ್ತು. ಹುಡುಗನ ಒತ್ತಾಯಕ್ಕೆ ನಾನು ಹೋದೆನು; ನನ್ನ ಜೊತೆಗೆಂದು ಆಚೆಮನೆಯ ಅಜ್ಜಿ, ಅವರ ಹಿಂದೆ ಇನ್ನೂ ಐವರು. ನನಗೆ ಹಳೆಯ ಅಕ್ಷರಗಳು ಒಂದೊಂದಾಗಿ ನೆನಪಿಗೆ ಬಂದವು. ಉಳಿದವರೂ ಎರಡು ವಾರ ತಿದ್ದಿ ತಿದ್ದಿ ತಂತಮ್ಮ ಹೆಸರು ಬರೆಯುವಂತಾದರು.

ಆಮೇಲೆ ಕನ್ನಡಕದವನು, "ಅಕ್ಕ, ಈಗ ನಿಮ್ಮ ಗಂಡನ ಹೆಸರು ಬರೆಯೋಣ. ಏನು ಹೆಸರು?" ಎಂದು ಮೊದಲನೆಯವಳನ್ನು ಕೇಳಿದನು.

ಅವಳು ಸೆರಗಿನಲ್ಲಿ ಮುಖ ಮುಚ್ಚಿ, "ನಮ್ಮ ಮನೆಯವರು" ಎಂದಳು. ಎರಡನೆಯವಳನ್ನು ಕೇಳಿದನು. ಅವಳದೂ "ನಮ್ಮ ಮನೆಯವರು." ಏಳು ಜನರದೂ ಅದೇ ಉತ್ತರ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಅವನಿಗೆ ತಿಳಿಹೇಳುವವರು ಯಾರು?

ಕೊನೆಗೆ ಅಜ್ಜಿ ಎಂದರು: "ಹೇಳಬಾರದೆಂದು ನನ್ನ ಅತ್ತೆ ಹೇಳಿದ್ದಳು. ಬರೆಯಬಾರದೆಂದು ಹೇಳಲಿಲ್ಲ. ಕೊಡು ಬಳಪ."

ಪಕ್ಕದವಳ ಗಂಡನ ಹೆಸರು ಹೇಳಲು ಯಾರಿಗೂ ಅಡ್ಡಿಯಿರಲಿಲ್ಲ. ಆದುದರಿಂದ ಒಬ್ಬಳ ಗಂಡನ ಹೆಸರನ್ನು ಇನ್ನೊಬ್ಬಳು ಕೂಗಿ ಹೇಳಿ ಎಲ್ಲರೂ ಬರೆದೆವು. ಅಜ್ಜಿಯ ಯಜಮಾನರು ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರ ಹೆಸರು ಬರೆದ ಸ್ಲೇಟನ್ನು ಒರೆಸಲು ಅಜ್ಜಿ ಬಿಡಲಿಲ್ಲ. ಸೆರಗಿನಲ್ಲಿ ಮುಚ್ಚಿ ಮನೆಗೆ ಕೊಂಡೊಯ್ದರು. ಮರುದಿನ ಬರಿಗೈಯಲ್ಲಿ ಬಂದರು.

"ಸ್ಲೇಟು ಎಲ್ಲಿ ಅಜ್ಜಿ?" ಎಂದು ಕನ್ನಡಕದವನು ಕೇಳಿದನು.

"ಅವರು ಮನೆಯಲ್ಲೇ ಇದ್ದಾರೆ. ಈ ಬಿಸಿಲಿಗೆ ಯಾಕೆಂದು ಕರೆದುಕೊಂಡು ಬರಲಿಲ್ಲ" ಎಂದರು ಅಜ್ಜಿ.

೪. ಕರಿಹಲಗೆ

ಮೇಷ್ಟ್ರು ಬಂದೇಬಿಟ್ಟರು. ಸುಂಟಿಕೊಪ್ಪದಲ್ಲಿ ಬಸ್ಸಿಳಿದು ನಡೆದುಕೊಂಡು ಶಾಲೆಗೆ ಬಂದರು. ಭಾವನವರು ಕೊಡೆ ಹಿಡಿದು ಬಾಗಿಲಿನಲ್ಲಿ ನಿಂತರು.

"ಊರು ಬಹಳ ಚೊಕ್ಕಟವಾಗಿದೆ" ಎಂದರು ಮೇಷ್ಟ್ರು.

"ನಾವೇ ಗುಡಿಸಿದ್ದು" ಎಂದರು ಅಜ್ಜಿ, ಹೆಮ್ಮೆಯಿಂದ.

ಮೇಷ್ಟ್ರು ರೋಗಿಗಳ ಪಟ್ಟಿಯನ್ನು ತೆರೆದು ಓದಿದರು. ಈ ರೋಗಿಗಳು ಯಾರೆಂದು ಕೇಳಿದಾಗ ನಾಲ್ವರೂ ತಲೆ ತಗ್ಗಿಸಿದರು. ಭಾವನವರು ಒಮ್ಮೆ ಮಗನನ್ನು, ಒಮ್ಮೆ ಎಸ್ಟೇಟಿನ ಕಡೆಯ ದಾರಿಯನ್ನು ನೋಡಿದರು. ಹುಡುಗನ ಮುಖ ಬಾಡಿತು.

"ಅಕ್ಷರ ಕಲಿತವರು ಯಾರಾದರೂ ನಿಮಗೆ ತೋಚಿದ್ದನ್ನು ಹಲಗೆಯ ಮೇಲೆ ಬರೆಯಿರಿ" ಎಂದರು ಮೇಷ್ಟ್ರು.

ಅಜ್ಜಿ ನನ್ನನ್ನು ಹಿಂದಿನಿಂದ ನೂಕಿದರು. ಸೀಮೆಸುಣ್ಣ ಹಿಡಿದು ಹಲಗೆಯ ಮುಂದೆ ನಿಂತೆನು. ಹೆಸರು ಬರೆದು ಮರಳಬೇಕೆಂದೇ ಹೋದವಳು ನಾನು. ಆದರೆ ಅಜ್ಜಿಯ ಅತ್ತೆಯ ಮಾತು ನೆನಪಾಯಿತು. ಭಾವನೊಡನೆ ಮಾತನಾಡಬಾರದೆಂದು ನನಗೂ ಹೇಳಿದ್ದರು. ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ಮೂರು ಸಲ ಸೀಮೆಸುಣ್ಣ ಮುರಿಯಿತು. ಆದರೂ ಬರೆದು ಮುಗಿಸಿದೆನು: "ಭಾವ, ಹುಡುಗ ಓದಲಿ. ಕಾಲೇಜಿಗೆ ಕಳುಹಿಸಿ."

ಭಾವನವರು ಕೊಡೆ ಮಡಿಸಿ ಮಗನ ಕೈಗೆ ಕೊಟ್ಟು ಒಳಗೆ ಬಂದರು. ನಾನು ಗೋಡೆಯ ಕಡೆ ತಿರುಗಿ ನಿಂತೆನು. ಅವರೂ ಪದ್ಧತಿಯನ್ನು ಮೀರಲಿಲ್ಲ; ಒಂದು ಮಾತನ್ನೂ ಆಡದೆ ಸೀಮೆಸುಣ್ಣ ತೆಗೆದುಕೊಂಡು ನನ್ನ ಅಕ್ಷರಗಳ ಕೆಳಗೆ ಬರೆಯತೊಡಗಿದರು. ಬಹಳ ಹೊತ್ತು ಬರೆದರು. ಆಮೇಲೆ ಬಾಗಿಲಿಗೆ ಹೋಗಿ ನಿಂತರು.

ಹಲಗೆಯ ಮೇಲಿನದನ್ನು ಗಟ್ಟಿಯಾಗಿ ಓದಬೇಕೆಂದು ಕನ್ನಡಕದವನು ನಮಗೆ ಕಲಿಸಿದ್ದನು. ಗಾಬರಿಯಲ್ಲಿ ನನಗೆ ಅದೊಂದೇ ನೆನಪಿದ್ದುದು. ಒಂದೊಂದೇ ಅಕ್ಷರ ಕೂಡಿಸಿ, ಊರಿನವರೆಲ್ಲ ಕೇಳುವಂತೆ ಓದಿದೆನು:

"ಕಳುಹಿಸುತ್ತೇನೆ. ನಾಳೆಯಿಂದ ಕಾಫಿಗೆ ಬೆಲ್ಲ ಕಡಿಮೆಯಾಗಲಿ. ಇಪ್ಪತ್ತು ವರ್ಷಗಳಿಂದ ಜಗಲಿಯ ಕೆಳಗೆ ಚೆಲ್ಲುತ್ತಿದ್ದೇನೆ."

ಸದಾ ಹಸಿದವನು ಮೆಲ್ಲಗೆ, "ಇರುವೆ" ಎಂದನು.

ಲೋಟ ಬರಿದಾಗಿ ಬರುತ್ತಿದೆಯಲ್ಲ ಎಂಬ ಸಂತೋಷಕ್ಕೆ ನಾನು ವರ್ಷ ವರ್ಷವೂ ಒಂದು ಚೂರು ಬೆಲ್ಲ ಹೆಚ್ಚಿಸುತ್ತ ಬಂದಿದ್ದೆನು. ಮರುದಿನದಿಂದ ಕಡಿಮೆ ಮಾಡಿದೆನು. ಮೂರೇ ದಿನಗಳಲ್ಲಿ ಇರುವೆಗಳು ಹೊರಟುಹೋದವು. ಹುಡುಗನೂ ಮಂಗಳೂರಿಗೆ ಹೊರಟನು. ಹೋಗುವ ಮೊದಲು ನಾಲ್ವರೂ ಕೂಡಿ ಬರೆದ ವರದಿಯಲ್ಲಿ, ಊರಿಗೆ ಆದ ಉಪಕಾರಗಳ ಸಾಲಿನಲ್ಲಿ ಮೊದಲನೆಯದಾಗಿ ಹೀಗಿತ್ತು: "ಇರುವೆಗಳ ಕಾಟವನ್ನು ಪೂರ್ತಿಯಾಗಿ ನಿವಾರಿಸಲಾಯಿತು."

ಇದರಲ್ಲಿ ತಪ್ಪುಗಳಿದ್ದರೆ ಓದಿದವರು ಕ್ಷಮಿಸಬೇಕು.