ನಾಯಕರಿಗೊಂದು ಚೆಂಡುಹೂವಿನ ಹಾರ

ನಾನು ಏನು ಕೆಲಸ ಮಾಡುತ್ತೇನೆಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ಸರೋಜ ಥಟ್ಟನೆ ಎದ್ದು ಚಹಾ ಮಾಡಲು ಒಳಗೆ ಹೋಗಿಬಿಡುತ್ತಾಳೆ. ತಪ್ಪು ಅವಳದಲ್ಲ. ಸಂಸ್ಕೃತಿ ಮತ್ತು ನಾಯಕತ್ವದ ಮೇಲೆ ಎಂಟು ವರ್ಷ ಕೂತು ಪ್ರಬಂಧ ಬರೆದವನು ನಾನು. ಧನಕವಡಿಯ ನಮ್ಮ ಮನೆಯಲ್ಲಿ ನಾನು ಹಾಕು ಅಂದರೆ ಫ್ಯಾನನ್ನೂ ಯಾರೂ ಹಾಕುವುದಿಲ್ಲ. ಹೊರಗೆ ಹೋಗಿ, ಜನ ಮಾತು ಕೇಳುವಂತೆ ಮಾಡುವುದು ಹೇಗೆಂದು ಕಂಪನಿಗಳಿಗೆ ಸಲಹೆ ಕೊಡುತ್ತೇನೆ. ಕೊರಗು ಒಂದೇ. ಒಂದು ವರ್ಷ ಕರೆದವರು ಎರಡನೇ ವರ್ಷ ಕರೆದದ್ದಿಲ್ಲ. "ಒಮ್ಮೆರೆ ಎರಡನೇ ಸಲ ಕರಿಸ್ಕೊಂಡು ತೋರಿಸ್ರಿ, ಆಗ ನಿಮಗ ಕೆಲಸ ಅದ ಅಂತೀನಿ" ಎಂದು ಸರೋಜ ಸವಾಲು ಹಾಕಿದ್ದಳು.

ಭೋಸರಿಯ ಒಂದು ಕಾರ್ಖಾನೆಯಲ್ಲಿ ಆ ಎರಡನೇ ವರ್ಷ ಇನ್ನೇನು ಕೈಗೆ ಬರುವುದರಲ್ಲಿತ್ತು. ದಸರೆ ಮುಗಿಯಲಿ, ಹೇಳುತ್ತೇನೆ ಎಂದಿದ್ದರು ಮಾಲೀಕರು. ನಾಯಕ ಎಲ್ಲರ ಕಣ್ಣಿಗೂ ಬೀಳುತ್ತಿರಬೇಕು ಎಂಬ ನನ್ನ ಸಲಹೆಯಂತೆ ಅವರದೂ ಇಬ್ಬರು ಮ್ಯಾನೇಜರರದೂ ದೊಡ್ಡ ಫೋಟೋಗಳು ಬಾಗಿಲ ಎದುರಿನ ಗೋಡೆ ಏರಿದ್ದವು. ಆಯುಧಪೂಜೆಯ ದಿನ ಯಾದಗಿರಿ ಕಡೆಯ ಫೋರ್‌ಮನ್ ಶರಣಪ್ಪ, ಲೇತ್ ಯಂತ್ರದಿಂದ ಹಿಡಿದು ಬೆಂಕಿ ಆರಿಸುವ ಸಿಲಿಂಡರಿನವರೆಗೆ ಎಲ್ಲಕ್ಕೂ ಚೆಂಡುಹೂವಿನ ಹಾರ ಹಾಕಿದ. ಮೂರು ಹಾರ ಉಳಿದವು. ಗೋಡೆಯಲ್ಲಿ ಮೂರು ಫೋಟೋ. "ಖಾಲಿ ಬಿಟ್ರ ಛಲೋ ಕಾಣಂಗಿಲ್ರಿ ಸರ" ಎಂದ. ಬೇಡ ಮಾರಾಯಾ ಅನ್ನಬಹುದಿತ್ತು. ನನಗೋ ಕಣ್ಣು ತುಂಬಿ ಬಂತು. ಕಾರ್ಮಿಕ ತಾನಾಗಿಯೇ ನಾಯಕನಿಗೆ ಹಾರ ಹಾಕುವುದನ್ನು ನನ್ನ ಪ್ರಬಂಧದಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಕಂಡಿರಲಿಲ್ಲ. ಪಟ್ಟನೆ ಅದರ ಫೋಟೋ ತೆಗೆದು, "ನಮ್ಮ ಹೃದಯದಲ್ಲಿ ಸದಾ ಇರುವ ನಮ್ಮ ನಾಯಕರು" ಎಂದು ಮರಾಠಿಯಲ್ಲಿ ಬರೆದು, ಕಂಪನಿಯ ಗಿರಾಕಿಗಳಿಗೆಲ್ಲ ವಾಟ್ಸಾಪ್ ಮಾಡಿಬಿಟ್ಟೆ.

ಮಾಲೀಕರಿಗೆ ಒಬ್ಬರೂ ಫೋನ್ ಮಾಡಲಿಲ್ಲ. ಸತ್ತವರಿಗೆ ಯಾರು ಫೋನ್ ಮಾಡುತ್ತಾರೆ? ರಜೆ ಮುಗಿದು ಕಾರ್ಖಾನೆ ತೆರೆದ ಬೆಳಿಗ್ಗೆ ಬಿಳಿ ಬಟ್ಟೆ ತೊಟ್ಟ ಗಿರಾಕಿಗಳು ಸಾಲಾಗಿ ಬಂದು, ಮೂವರೂ ಒಂದೇ ಕಾರಿನಲ್ಲಿದ್ದರೇ ಎಂದು ಶರಣಪ್ಪನನ್ನು ಕೇಳಿದರು. ಗದ್ದಲ ಕೇಳಿ ಮಾಲೀಕರು ಹೊರಗೆ ಬರುವಷ್ಟರಲ್ಲಿ ಹಡಪಸರದ ಹಿರಿಯ ಗಿರಾಕಿಯೊಬ್ಬರು ಎಲ್ಲರನ್ನೂ ನಿಲ್ಲಿಸಿ ಎರಡು ನಿಮಿಷದ ಮೌನ ಶುರು ಮಾಡಿದ್ದರು. ನಮ್ಮ ಮಾಲೀಕರು ಬಹಳ ಸಂಭಾವಿತರು, ಮೌನದ ನಡುವೆ ಬಾಯಿ ಬಿಡುವವರಲ್ಲ. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ನಿಂತು ತಮಗೆ ತಾವೇ ಶ್ರದ್ಧಾಂಜಲಿ ಸಲ್ಲಿಸಿದರು. ಕಣ್ಣು ತೆರೆದು ಅವರನ್ನು ಕಂಡ ಹಿರಿಯರು ಅಲ್ಲೇ ಕುಸಿದು ಕೂತರು. ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇದ್ದೀರಿ ಅಂತ ಮೊದಲೇ ಹೇಳಬಾರದೇ, ನಾಷ್ಟಾ ಬಿಟ್ಟು ಓಡಿ ಬಂದೆನಲ್ಲ ಎಂದು ಮಾಲೀಕರನ್ನೇ ತರಾಟೆಗೆ ತೆಗೆದುಕೊಂಡರು.

ನನಗೆ ಮಾತ್ರ ಮಾಲೀಕರು ಏನೂ ಅನ್ನಲಿಲ್ಲ. "ಸರ್, ನಿಮ್ಮದೊಂದು ಒಳ್ಳೆಯ ಫೋಟೋ ಕಳಿಸಿ" ಎಂದರಷ್ಟೆ. ನಾಯಕರ ಸಾಲಿನಲ್ಲಿ ನಾನೂ! ಎರಡನೇ ವರ್ಷ ಪಕ್ಕಾ ಎಂದು ಮನೆಯಲ್ಲಿ ಸಾರಿದೆ. ಸರೋಜ ಶಿರಾ ಮಾಡಿದಳು. ವಾರ ಬಿಟ್ಟು ಇಸ್ತ್ರಿ ಅಂಗಿ ತೊಟ್ಟು ಹೋದರೆ ಗೋಡೆಯಲ್ಲಿ ಆ ಮೂರೂ ಫೋಟೋ ಇಲ್ಲ. ನನ್ನದೊಂದೇ ಇದೆ, ಹಾರ ಹಾಕಿಕೊಂಡು. "ಸಾಹೇಬ್ರಽ ನಿಂತು ಹಾಕ್ಸ್ಯಾರ್ರಿ ಸರ" ಎಂದ ಶರಣಪ್ಪ, ನನ್ನ ಮುಖ ನೋಡದೆ. ತನ್ನ ನಿರ್ಧಾರವನ್ನು ಇಷ್ಟು ಸ್ಪಷ್ಟವಾಗಿ ತಿಳಿಸಿದ ನಾಯಕನನ್ನು ನಾನು ಈವರೆಗೆ ಕಂಡಿಲ್ಲ. ಅಲ್ಲೇ ಎರಡು ನಿಮಿಷ ಮೌನವಾಗಿ ನಿಂತು ವಾಪಸು ಬಂದೆ.

"ಏನಂದ್ರು? ಕರದ್ರೇನು?" ಎಂದು ಸರೋಜ ಬಾಗಿಲಲ್ಲೇ ಕೇಳಿದಳು. ನಾನು ಚಹಾ ಮಾಡಲು ಒಳಗೆ ಹೋದೆ.