ಬಿಟ್ಟರೂ ಬಿಡದ ಎಕ್ಸಿಲೇಟರು

ಜಗಳವಾಡುವುದೂ ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದವನು ಎಂದು ನನ್ನ ಹೆಂಡತಿ ಸುಮತಿ ಹೇಳುತ್ತಾಳೆ. ನನಗೇನೋ ಬೆರಳಿಟ್ಟವರಿಗೆ ತೊಂದರೆಯಾಗದಿರಲೆಂದು ಬಾಯನ್ನು ಇನ್ನಷ್ಟು ಅಗಲಿಸುವ ಸ್ವಭಾವ. ಕಾಯಿಪಲ್ಲೆಯವಳು ಹುಳುಕು ಬದನೆಕಾಯಿ ಹಾಕುವುದನ್ನು ಕಣ್ಣಾರೆ ಕಂಡೂ ಸುಮ್ಮನೆ ಚೀಲ ಹಿಡಿದು ನಿಲ್ಲುತ್ತೇನೆ. ಕ್ಷೌರದವನು ಒಂದು ಕಡೆಯ ಮೀಸೆಯನ್ನು ಗಿಡ್ಡ ಮಾಡಿ ಕನ್ನಡಿ ತೋರಿಸಿದರೆ "ಛಲೋ ಆಗ್ಯದ" ಎಂದು ಹೇಳಿ, ಮನೆಗೆ ಬಂದು ಇನ್ನೊಂದು ಕಡೆಯದನ್ನು ನಾನೇ ಕತ್ತರಿಸಿಕೊಳ್ಳುತ್ತೇನೆ. ಸೋಜಿಗವೆಂದರೆ ಕಚೇರಿಯಲ್ಲಿ ನನ್ನ ಕೆಲಸವೇ ಖಡಕ್ ಪತ್ರ ಬರೆಯುವುದು. "ತಕ್ಷಣ ಕ್ರಮ ಜರುಗಿಸದಿದ್ದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ" ಎಂದು ನಾನು ಬರೆದ ಪತ್ರ ಓದಿ ಮೂರು ತಾಲೂಕಿನ ಅಧಿಕಾರಿಗಳಿಗೆ ನಿದ್ದೆ ಬಂದಿಲ್ಲವಂತೆ. ಅಲ್ಲಿ ಸಹಿ ಸಾಹೇಬರದು, ಧೈರ್ಯವೂ ಅವರದೇ.

ಇಂಥವನು ಸ್ಕೂಟರು ಕೊಂಡೆ. ಹೆಸರು ಬರೆಸಿ ವರ್ಷಗಟ್ಟಲೆ ಕಾಯುವ ಕಾಲ ಆಗತಾನೇ ಮುಗಿದು, ಅಂಗಡಿಗೆ ಹೋದರೆ ಗಾಡಿ ಸಿಗುವ ಕಾಲ ಬಂದಿತ್ತು. ಜೇವರ್ಗಿ ಕಾಲೋನಿಯ ನಮ್ಮ ಓಣಿಯಲ್ಲಿ ಒಂದೊಂದೇ ಮನೆಯ ಮುಂದೆ ಗಾಡಿ ನಿಲ್ಲತೊಡಗಿದ್ದವು. ಯಾವ ಅಂಗಡಿಯಲ್ಲಿ ಕೊಳ್ಳಬೇಕೆಂಬ ಪ್ರಶ್ನೆಯೇ ಬರಲಿಲ್ಲ. ಸ್ಟೇಶನ್ ಬಜಾರದ ಹತ್ತಿರ ಅಂಗಡಿ ಇಟ್ಟಿದ್ದ ಸಾಹುಕಾರರು ಕಮಲಾಪುರದವರು. ಸುಮತಿಯ ತವರೂ ಕಮಲಾಪುರ. ನಮ್ಮ ಕಡೆ ಒಂದು ಊರಿನ ಹೆಣ್ಣು ತಂದವನು ಆ ಊರಿಗೆಲ್ಲ ಅಳಿಯ. ಜಾತಿ ಯಾವುದಿರಲಿ, ಮನೆ ಯಾವುದಿರಲಿ, ಊರ ಹಿರಿಯರೆಲ್ಲ ಮಾವಂದಿರು. ಅಳಿಯನಿಗೆ ಅಲ್ಲಿ ಸಿಗದ ಮರ್ಯಾದೆಯಿಲ್ಲ, ಬಾಯಿ ತೆಗೆಯುವ ಹಕ್ಕೊಂದನ್ನು ಬಿಟ್ಟು.

ಗಾಡಿ ಬಂದ ಎರಡನೆಯ ವಾರ. ಕಚೇರಿಯಿಂದ ಬಂದು ನಮ್ಮ ಓಣಿಗೆ ಎಡಕ್ಕೆ ತಿರುಗಿಸಿ ಎಕ್ಸಿಲೇಟರು ಬಿಟ್ಟೆ. ನಾನು ಬಿಟ್ಟೆ, ಅದು ಬಿಡಲಿಲ್ಲ. ಗಾಡಿ ಇನ್ನಷ್ಟು ಹುರುಪಿನಿಂದ ಓಡಿತು. ಬ್ರೇಕು ತುಳಿದರೆ ಗುಟುರು ಹಾಕಿತು, ಕ್ಲಚ್ಚು ಹಿಡಿದರೆ ಇಡೀ ಓಣಿ ಹೊರಬಂದು ನೋಡುವಂತೆ ಚೀರಿತು. ನನಗೆ ನಾಚಿಕೆಯಾಗಿ ಕ್ಲಚ್ಚು ಬಿಟ್ಟೆ. ಸಂತೆಗೆ ಹೋಗಲು ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದ ಸುಮತಿ "ರೀ, ಇಲ್ಲೇ ಮನಿ!" ಎಂದು ಕೂಗಿದಳು. "ಬಂದೆ" ಎಂದು ಹೇಳಿ ಹೊರಟುಹೋದೆ. ಕೀಲಿ ತಿರುವಿದರೆ ಎಂಜಿನ್ನು ಬಂದ್ ಆಗುತ್ತದೆ ಎಂಬ ಸಣ್ಣ ಸಂಗತಿ ಹೊಳೆದದ್ದು ನಗರದಾಚೆಯ ಕೋಟನೂರು ಮುಟ್ಟಿದ ಮೇಲೆ.

ಅಲ್ಲಿ ಹೊಲದ ಬದುವಿನಲ್ಲಿ ಕೂತಿದ್ದ ಯಜಮಾನರೊಬ್ಬರು "ಯಾರ ಮನಿಗಿ ಬಂದೀರಿ ಸಾಹೇಬ್ರ?" ಎಂದು ಕೇಳಿದರು. ಗಾಡಿ ಕರೆತಂದಿತು ಎಂದು ಹೇಳಲು ಆದೀತೇ? "ಪ್ಲಾಟು ನೋಡ್ಲಿಕ್ಕ ಬಂದೀನ್ರಿ" ಎಂದುಬಿಟ್ಟೆ. ಆಗ ಊರು ನಗರಕ್ಕೆ ಅಂಟಿಕೊಳ್ಳುತ್ತಿದ್ದ ಕಾಲ. ಯಜಮಾನರು ಧೋತರ ಕೊಡವಿಕೊಂಡು ಎದ್ದರು. ಒಂದು ತಾಸು ಇಳಿಬಿಸಿಲಲ್ಲಿ ಕಲ್ಲು ನೆಟ್ಟ ಕಡೆಯೆಲ್ಲ ಕರೆದೊಯ್ದು, ನೀರು ಎಷ್ಟು ಆಳಕ್ಕಿದೆ, ದಿಕ್ಕು ಯಾವುದು ಎಂದೆಲ್ಲ ವಿವರಿಸಿದರು. ಪೂರ್ವಕ್ಕೆ ಬಾಗಿಲಿದ್ದರೆ ಒಳ್ಳೆಯದೆಂದು ನಾನೂ ಸಲಹೆ ಕೊಟ್ಟೆ.

ಆ ರಾತ್ರಿಯೇ ದೂರಿನ ಪತ್ರ ಬರೆದೆ. ವಿಷಯ, ಉಲ್ಲೇಖ, ಎಲ್ಲ ಸಾಂಗವಾಗಿ. "ಸದರಿ ವಾಹನವು ಚಾಲಕನ ಇಚ್ಛೆಗೆ ವಿರುದ್ಧವಾಗಿ ಚಲಿಸುತ್ತಿದ್ದು" ಎಂಬ ವಾಕ್ಯ ಬರೆದಾಗ ನನಗೇ ರೋಮಾಂಚನವಾಯಿತು. ಮರುದಿನ ಪತ್ರವನ್ನು ಕಿಸೆಯಲ್ಲಿಟ್ಟುಕೊಂಡು ಅಂಗಡಿಯ ಮೆಟ್ಟಿಲು ಹತ್ತಿದೆ.

"ಬರ್ರಿ ಬರ್ರಿ ಅಳಿಯಂದ್ರ!" ಸಾಹುಕಾರರು ಗಾದಿಯಿಂದ ಎದ್ದೇ ಬಂದರು. "ಏ, ಚಾ ಹೇಳ್ರೋ, ಮಿರ್ಚಿ ಭಜಿ ತರ್ರಿ. ಕಮಲಾಪುರದ್ದು ಕೆಂಪ ಬಾಳಿಹಣ್ಣ ಬಂದಾವ, ಸುಮತಿಗೂ ನಾಕ ಕಟ್ರಿ."

ಭಜಿ ಬಂತು, ಚಹಾ ಬಂತು, ಬಾಳೆಹಣ್ಣೂ ಬಂತು. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆಯನ್ನು ಕಟ್ಟಿದವರು ಮಿರ್ಚಿ ಭಜಿ ತಿಂದೇ ಕಟ್ಟಿರಬೇಕು.

"ಗಾಡಿ ಹ್ಯಾಂಗದರಿ?"

"ಭಾಳ ಛಲೋ ಅದರಿ." ಎರಡು ಗುಟುಕು ಚಹಾ ಕುಡಿದು ಧೈರ್ಯ ತಂದುಕೊಂಡೆ. "ಸ್ವಲ್ಪ... ಓಡ್ತದರಿ."

"ಓಡ್ಲಿ ಅಂತನೇ ಕೊಟ್ಟೀವಲ್ರೀ ಅಳಿಯಂದ್ರ!" ಸಾಹುಕಾರರು ಹೊಟ್ಟೆ ಕುಣಿಸಿ ನಕ್ಕರು. ನಾನೂ ನಕ್ಕೆ. ಆದರೂ ಅವರು ಸಜ್ಜನರು. ಮಹಬೂಬ್ ಮಿಸ್ತ್ರಿಯನ್ನು ಕರೆದು ಒಮ್ಮೆ ನೋಡೆಂದರು. ಮಿಸ್ತ್ರಿ ಗಾಡಿ ಏರಿ ಸ್ಟೇಶನ್ನಿನವರೆಗೆ ನೆಟ್ಟಗೆ ಹೋಗಿ, ಬಲಕ್ಕೆ ಹೊರಳಿ ವಾಪಸು ಬಂದ. "ಏಕ್ದಮ್ ಫಿಟ್ ಅದ ಸಾಬ್. ಕೆಲವೊಬ್ರ ಕೈಯೇ ಗರಮ್ ಇರ್ತದ" ಎಂದ. ನಾನು ನನ್ನ ಕೈಯನ್ನು ಅಪರಾಧಿಯಂತೆ ನೋಡಿಕೊಂಡೆ.

ಹೊರಡುವಾಗ ಸಾಹುಕಾರರು ಒಂದು ದಪ್ಪ ಪುಸ್ತಕ ಮುಂದೆ ಹಿಡಿದರು. ಗಿರಾಕಿಗಳು ಅಭಿಪ್ರಾಯ ಬರೆಯುವ ಪುಸ್ತಕ. "ನಿಮ್ಮ ಅಕ್ಷರ ಮುತ್ತಿನಂಗ ಇರ್ತಾವಂತ ಕೇಳೀನಿ. ಎರಡ ಸಾಲ ಬರೀರಿ." ಕಿಸೆಯಲ್ಲಿದ್ದ ದೂರು ಎದೆಗೆ ಚುಚ್ಚುತ್ತಿತ್ತು, ಬಾಯಲ್ಲಿ ಭಜಿಯ ರುಚಿ ಇನ್ನೂ ಇತ್ತು. "ವಾಹನವು ನಿರೀಕ್ಷೆಗೂ ಮೀರಿ ವೇಗವಾಗಿದೆ. ಸೇವೆ ಅತ್ಯುತ್ತಮ" ಎಂದು ಬರೆದು, ಹುದ್ದೆ ಸಮೇತ ಸಹಿ ಮಾಡಿದೆ. ಸುಳ್ಳೇನೂ ಬರೆಯಲಿಲ್ಲ ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳಿಕೊಂಡೆ.

ಮೂರು ತಿಂಗಳಲ್ಲಿ ಮೂರು ಸಲ ಹೀಗೇ ಆಯಿತು. ಗಾಡಿ ನನ್ನನ್ನು ಒಯ್ಯುವುದು, ನಾನು ಪತ್ರ ಒಯ್ಯುವುದು, ಮಿಸ್ತ್ರಿ ಸ್ಟೇಶನ್ನಿಗೆ ಹೋಗಿ ಬಲಕ್ಕೆ ಹೊರಳಿ ಬರುವುದು, ನಾನು ಮುತ್ತಿನಂಥ ಅಕ್ಷರದಲ್ಲಿ ಮೆಚ್ಚುಗೆ ಬರೆಯುವುದು. ಮನೆಯಲ್ಲಿ ಹೇಳೋಣವೆಂದು ಒಮ್ಮೆ ಬಾಯಿ ತೆರೆದೆ. "ನಮ್ಮೂರವರು ಖೊಟ್ಟಿ ಮಾಲು ಕೊಟ್ಟಾರಂತೀರೇನು?" ಎಂದಳು ಸುಮತಿ. ತೆರೆದ ಬಾಯಿಗೆ ಅಡಿಕೆ ಹಾಕಿಕೊಂಡೆ.

ಹೀಗಿರುವಾಗ ಒಂದು ಭಾನುವಾರ ಸುಮತಿಯನ್ನು ಹಿಂದೆ ಕೂಡಿಸಿಕೊಂಡು ಕಮಲಾಪುರಕ್ಕೆ ಹೊರಟೆ. ಹೊಸ ಗಾಡಿಯ ಮೇಲೆ ತವರಿಗೆ ಹೋಗಬೇಕೆಂಬ ಆಸೆ ಅವಳದು. ಇಳಕಲ್ ಸೀರೆ ಉಟ್ಟಿದ್ದಳು. ದಾರಿಯಲ್ಲಿ ಗಾಡಿ ಪರಮ ಸಾಧುವಾಗಿತ್ತು. ಊರು ಬಂತು. ಮಾವನವರ ಓಣಿಗೆ ಎಡಕ್ಕೆ ತಿರುಗಿಸಿದೆ.

ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ನಿಂತಿದ್ದ ಅತ್ತೆಯವರು ಒಂದು ಕ್ಷಣ ಕಂಡರು, ಮತ್ತೆ ಕಾಣಲಿಲ್ಲ. ಮಾವನವರು ಕೈ ಎತ್ತಿ ಏನೋ ಅಂದರು. ಕೀಲಿಗೆ ಕೈ ಹಾಕೋಣವೆಂದರೆ ಸುಮತಿ ನನ್ನ ಎರಡೂ ತೋಳುಗಳನ್ನು ಬಿಗಿಯಾಗಿ ಹಿಡಿದುಬಿಟ್ಟಿದ್ದಳು. ಎದುರಿಗೆ ಬಾಳೆಹಣ್ಣಿನ ಬುಟ್ಟಿ ಹೊತ್ತ ಮುದುಕಿ ಓಣಿ ದಾಟುತ್ತಿದ್ದಳು. ಅಲ್ಲಿಯವರೆಗೆ ನನಗೆ ಇದು ನಗೆಯ ವಿಷಯವೇ ಆಗಿತ್ತು. ಆ ಮುದುಕಿಯ ಸೆರಗು ನನ್ನ ಮೊಣಕೈಗೆ ಸವರಿದ ಗಳಿಗೆಯಲ್ಲಿ ಜೀವ ಬಾಯಿಗೆ ಬಂತು. ಮುಂದೆ ಗಾಡಿ ಜೋಳದ ಕಣಕಿಯ ಬಣವೆಗೆ ಹೊಕ್ಕು ನಿಂತಿತು. ಬಣವೆ ಮೆತ್ತಗಿತ್ತು, ದೇವರು ದೊಡ್ಡವನು.

ಸುಮತಿ ಕಣಕಿಯಿಂದ ಎದ್ದು ಬಂದಳು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಮದಲೂ ಹಿಂಗ ಆಗಿತ್ತೇನ್ರಿ?" ಎಂದು ಕೇಳಿದಳು. ಆಗಿತ್ತೆಂದೆ. "ಇದರ ಮ್ಯಾಲೆ ದಿನಾ ಆಫೀಸಿಗಿ ಹೋಗ್ತಿದ್ರಿ? ಒಬ್ಬರಿಗೂ ಹೇಳ್ಲಿಲ್ಲ? ಏನರ ಆಗಿದ್ರ ನಾ ಯಾರ ಮಾರಿ ನೋಡ್ಲಿ?" ಎಂದು ಅಲ್ಲೇ ಕೂತು ಅತ್ತುಬಿಟ್ಟಳು. ನನ್ನ ಸಂಕೋಚಕ್ಕೆ ಇಷ್ಟು ಬೆಲೆ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸೋಮವಾರ ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಅವಳೇ ನನ್ನ ಜೊತೆ ಅಂಗಡಿಗೆ ಬಂದಳು. ಅಳಿಯನಿಗೆ ಬಾಯಿಲ್ಲ, ನಿಜ. ಊರ ಮಗಳಿಗೆ ಇದೆಯಲ್ಲ! ಚಹಾ ಬಂದಾಗ ಕಪ್ಪನ್ನು ಪಕ್ಕಕ್ಕೆ ಸರಿಸಿ, "ಕಾಕಾ, ನನ್ನ ಕುಂಕುಮಕ್ಕ ಕುತ್ತ ತರೂ ಗಾಡಿ ಕೊಟ್ಟೀರಿ ನೀವು" ಎಂದು ಶುರುಮಾಡಿದಳು. ಅರ್ಧ ತಾಸು ಅಂಗಡಿಯಲ್ಲಿ ಬೇರೆ ಯಾರೂ ಮಾತಾಡಲಿಲ್ಲ.

ಸಾಹುಕಾರರು ಬೆವರು ಒರೆಸಿಕೊಂಡರು. "ಅಲ್ಲವ್ವ, ನನಗ ಹ್ಯಾಂಗ ಗೊತ್ತಾಗಬೇಕು? ನಿನ್ನ ಗಂಡ ಏನ್ ಬರದಾರ ನೀನೇ ಓದು." ಪುಸ್ತಕ ತೆರೆದರು. ಅವಳು ಮೂರನ್ನೂ ಗಟ್ಟಿಯಾಗಿ ಓದಿದಳು. ಮೂರನೆಯದು ನನಗೇ ಮರೆತಿತ್ತು: "ಈ ವಾಹನ ಹತ್ತಿದವರು ಇಳಿಯಲು ಇಚ್ಛಿಸಲಾರರು."

"ಐದಾರು ಮಂದಿ ಬಂದು ಎಕ್ಸಿಲೇಟರ್ ಹಿಡಿತದ ಅಂತ ತಕರಾರ ಮಾಡಿದ್ರವ್ವ" ಎಂದರು ಸಾಹುಕಾರರು. "ನಾ ಎಲ್ಲಾರಿಗೂ ಇದನ್ನೇ ತೋರಿಸೀನಿ. ಇಷ್ಟ ದೊಡ್ಡ ಆಫೀಸಿನವರು ಛಲೋ ಅದ ಅಂದಾರ, ನಿಮಗೇನ ಧಾಡಿ ಅಂತ ಬಾಯಿ ಮುಚ್ಚಿಸೀನಿ. ನಿಮ್ಮ ಓಣಿ ಬಂಡು ಮಾಸ್ತರು ಇದನ್ನ ಓದೇ ಗಾಡಿ ತೊಗೊಂಡಾರ."

ಬಂಡು ಮಾಸ್ತರು ನಮ್ಮಿಂದ ಎರಡು ಮನೆ ಆಚೆ. ದಿನವೂ ಮಗಳನ್ನು ಹಿಂದೆ ಕೂಡಿಸಿಕೊಂಡು ಶಾಲೆಗೆ ಬಿಡುವವರು. ಸುಮತಿ ನನ್ನತ್ತ ನೋಡಿದಳು. ನೆಲ ಬಾಯಿ ಬಿಟ್ಟರೆ ಇಳಿದುಹೋಗೋಣವೆನ್ನಿಸಿತು. ಆದರೆ ಅದು ಸಿಮೆಂಟಿನ ನೆಲ.

ಮುಂದಿನದೆಲ್ಲ ಅವಳ ಹುಕುಮಿನಂತೆ ನಡೆಯಿತು. "ಎರಡ ಸಲ ನಾನೇ ಕಂಡೀನಿ, ಎಡಕ್ಕ ಹೊಳ್ಳಿಸಿದಾಗ ಹಿಡಿತದ, ಎಡಕ್ಕ ಹೊಳ್ಳಿಸಿ ನೋಡ್ರಿ" ಎಂದಳು. ಮಹಬೂಬ್ ಮಿಸ್ತ್ರಿ ನಿಂತಲ್ಲೇ ಹ್ಯಾಂಡಲು ಎಡಕ್ಕೆ ಎಳೆದು ಎಕ್ಸಿಲೇಟರು ತಿರುವಿದ. ಗಾಡಿ ಚೀರಿತು, ಬಿಟ್ಟರೂ ಚೀರುತ್ತಲೇ ಇತ್ತು. ಬಿಚ್ಚಿ ನೋಡಿದರೆ ಒಳಗಿನ ಕೇಬಲ್ಲು ಒಂದು ಬೆರಳು ಗಿಡ್ಡ. ಎಡಕ್ಕೆ ತಿರುಗಿದಾಗ ಬಿಗಿದು, ಅದರದೊಂದು ಎಳೆ ಹರಿದು, ಕೊಳವೆಯಲ್ಲಿ ಒಮ್ಮೊಮ್ಮೆ ಸಿಕ್ಕಿಕೊಳ್ಳುತ್ತಿತ್ತು. ಆ ಸಲ ಬಂದ ಗಾಡಿಗಳಿಗೆಲ್ಲ ಅದೇ ಕೇಬಲ್ಲು. "ತೌಬಾ ತೌಬಾ" ಎಂದು ಮಿಸ್ತ್ರಿ ಕೆನ್ನೆ ಬಡಿದುಕೊಂಡ. ಸಾಹುಕಾರರ ಮುಖ ಸಣ್ಣದಾಯಿತು. ಎಲ್ಲರ ಗಾಡಿ ಕರೆಸಿ ಬಿಟ್ಟಿಯಾಗಿ ಕೇಬಲ್ಲು ಬದಲಿಸುತ್ತೇನೆಂದರು. ಅವರಿಗೆಲ್ಲ ಪತ್ರ ಬರೆಯುವವರು ಯಾರು? ಸುಮತಿ ಪೆನ್ನನ್ನು ನನ್ನ ಮುಂದಿಟ್ಟಳು. "ನಿಮ್ಮ ಸಹೀನೇ ಇರ್ಲಿ" ಎಂದಳು.

ನನ್ನ ಸಹಿಯಲ್ಲಿ ಹೊರಟ ಮೊದಲ ಖಡಕ್ ಪತ್ರ ಅದು. ಎಡಕ್ಕೆ ತಿರುಗಿಸಬೇಡಿ, ಮಗುವನ್ನು ಕೂಡಿಸಬೇಡಿ, ಕೂಡಲೇ ಅಂಗಡಿಗೆ ಬನ್ನಿ, ಈ ಮೊದಲು ನಾನು ಬರೆದದ್ದನ್ನು ನಂಬಬೇಡಿ ಎಂದು ಬರೆದೆ. ಬಂಡು ಮಾಸ್ತರ ಪತ್ರವನ್ನು ಮಾತ್ರ ನಾನೇ ಹೋಗಿ ಬಾಗಿಲ ಸಂದಿಯಲ್ಲಿ ತೂರಿಸಿ, ಚಪ್ಪಲಿ ಸದ್ದಾಗದಂತೆ ವಾಪಸು ಬಂದೆ.

ಕೇಬಲ್ಲು ಬದಲಾದ ಮರುದಿನ ಮುಂಜಾನೆ ಮಾಸ್ತರು ನಮ್ಮ ಗೇಟಿಗೆ ಬಂದರು. ಒಳಗೆ ಬರಲಿಲ್ಲ. "ಗೊತ್ತಿದ್ದೂ ಛಲೋ ಅದ ಅಂತ ಬರದ್ರಿ? ನನ್ನ ಮಗಳು ಹಿಂದ ಕೂತಿರ್ತಾಳ್ರೀ! ನಿಮಗ ಸಂಕೋಚ ದೊಡ್ಡದಾತೋ, ನನ್ನ ಮಗಳ ಜೀವ ದೊಡ್ಡದಾತೋ?" ಅಲ್ಲಿಂದ ಮುಂದೆ ಮಾಸ್ತರ ಮಾತು ನಿಲ್ಲಲಿಲ್ಲ. ಓಣಿಯ ಬಾಗಿಲುಗಳೆಲ್ಲ ತೆರೆದವು. ನಾನು ಕೈ ಕಟ್ಟಿ ನಿಂತು ಕೇಳಿದೆ. ಆಹಾ, ಏನು ಮಾತಿನ ಓಘ! ವಿಷಯ ಸ್ಪಷ್ಟ, ಉಲ್ಲೇಖ ಸರಿ, ಎಲ್ಲಿಯೂ ಅಳುಕಿಲ್ಲ. ತಕರಾರು ಮಾಡುವುದೆಂದರೆ ಹೀಗೆ ಮಾಡಬೇಕೆಂದು ನನಗೆ ಅಂದು ಪೂರ್ತಿ ತಿಳಿಯಿತು. ತಕರಾರು ನನ್ನ ಮೇಲೇ ಇತ್ತೆಂಬುದಷ್ಟೇ ತೊಂದರೆ.

"ತಪ್ಪಾತ್ರಿ ಮಾಸ್ತರ" ಎಂದೆ. ಮಾಸ್ತರು ದಮ್ಮು ತೆಗೆದುಕೊಳ್ಳಲು ನಿಂತರು. ಸಿಟ್ಟು ಇಳಿಯಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಒಳಗಿನಿಂದ ಸುಮತಿಯ ದನಿ ಬಂತು.

"ಯಾಕ ನಿಂತ್ರಿ ಮಾಸ್ತರ? ಇನ್ನೊಂದೀಟು ಬೈರಿ, ನನ್ನ ಪಾಲಿಂದೂ ಸೇರಿಸಿ."

ಮಾಸ್ತರು ನನ್ನ ಮುಖ ನೋಡಿದರು. ಆಗಲಿ, ಬೈಯಿರಿ ಎಂದು ನಾನು ಸಂಕೋಚದಿಂದಲೇ ತಲೆಯಾಡಿಸಿದೆ.